ಮದ್ದೂರು: ನಿಲುಗಡೆ ಬೆಳೆಸಿದ ನಿಲ್ದಾಣ

ಬೆಂಗಳೂರು–ಮೈಸೂರು ರೈಲು ಹಾದಿಯ ಹೆಚ್ಚುಕಡಿಮೆ ನಡುಮಧ್ಯದಲ್ಲಿರುವ ಊರು ಮದ್ದೂರು. ಬೆಂಗಳೂರಿನಿಂದ ಹೊರಟ ಗಾಡಿ ಕೆಂಗೇರಿ, ಬಿಡದಿ, ರಾಮನಗರ, ಚನ್ನಪಟ್ಟಣ, ಶೆಟ್ಟಿಹಳ್ಳಿಗಳನ್ನು ದಾಟಿ ಸುಮಾರು 74 ಕಿ.ಮೀ. ಸಾಗಿದ ಮೇಲೆ ಇಲ್ಲಿಗೆ ಬರುತ್ತದೆ. ಮುಂದಿನ ನಿಲ್ದಾಣ ಹನಕೆರೆ, ಅದರಾಚೆ ಜಿಲ್ಲಾ ಕೇಂದ್ರ ಮಂಡ್ಯ. ನೈಋತ್ಯ ರೈಲ್ವೆಯ ಬೆಂಗಳೂರು ವಿಭಾಗಕ್ಕೆ ಸೇರಿದ ಈ ನಿಲ್ದಾಣಕ್ಕೆ ರೈಲ್ವೆಯವರು ಕೊಟ್ಟಿರುವ ಸಂಕೇತ ‘ಎಂಎಡಿ’. ಇಲ್ಲಿಂದ ಯಾವ ಹಳಿಯೂ ಕವಲೊಡೆಯುವುದಿಲ್ಲ. ಹಳದಿ ಫಲಕದ ಮೇಲೆ ಮೂರು ಭಾಷೆಯಲ್ಲಿ ಊರ ಹೆಸರು, ಟಿಕೆಟ್ ಕೌಂಟರ್, ಒಂದು ಮೇಲ್ಸೇತುವೆ, ಕಲ್ಲು ಬೆಂಚು, ಹೊರಗೆ ಆಟೋಗಳ ಸಾಲು. ದೇಶದ ಸಾವಿರಾರು ಸಣ್ಣ ನಿಲ್ದಾಣಗಳಲ್ಲಿ ಕಾಣುವುದೇ ಇಲ್ಲಿಯೂ ಕಾಣುತ್ತದೆ.

ಆದರೂ ಈ ನಿಲ್ದಾಣದ ಹೆಸರು ಕರ್ನಾಟಕದಲ್ಲಿ ಗೊತ್ತಿಲ್ಲದವರಿಲ್ಲ. ಅದಕ್ಕೆ ಕಾರಣ ಇಲ್ಲಿ ಹುಟ್ಟಿದ ವಡೆ. ವಡೆ ಹುಟ್ಟಿದ್ದಕ್ಕೆ ಕಾರಣ ಇಲ್ಲಿ ಗಾಡಿ ನಿಲ್ಲುತ್ತಿದ್ದ ಹೊತ್ತು. ಗಾಡಿ ಎಷ್ಟು ಹೊತ್ತು ನಿಲ್ಲುತ್ತದೆ, ಏಕೆ ನಿಲ್ಲುತ್ತದೆ ಎಂಬ ಎರಡು ಪ್ರಶ್ನೆಗಳ ಬೆನ್ನು ಹಿಡಿದರೆ ಒಂದು ಸಣ್ಣ ನಿಲ್ದಾಣದ ಒಂದೂವರೆ ಶತಮಾನದ ಕಥೆ ಬಿಚ್ಚಿಕೊಳ್ಳುತ್ತದೆ.

ಬರಗಾಲ ಹಾಕಿಸಿದ ಹಳಿ

ಮೈಸೂರು ಸಂಸ್ಥಾನದ ನೆಲಕ್ಕೆ ರೈಲು ಮೊದಲು ಬಂದದ್ದು 1864ರಲ್ಲಿ, ಜೋಲಾರಪೇಟೆಯಿಂದ ಬೆಂಗಳೂರು ದಂಡಿಗೆ. ಅದು ಮದ್ರಾಸು ಕಡೆಯ ಕಂಪನಿಯ ಹಾದಿ. ಬೆಂಗಳೂರಿನಿಂದ ಮೈಸೂರಿಗೆ ಸಂಸ್ಥಾನವೇ ಹಳಿ ಹಾಕಿಸಲು ಇನ್ನೂ ಹದಿನೈದಿಪ್ಪತ್ತು ವರ್ಷ ಹಿಡಿಯಿತು. ಆ ಕೆಲಸಕ್ಕೆ ವೇಗ ಕೊಟ್ಟದ್ದು 1876ರಿಂದ 1878ರವರೆಗೆ ಹಳೇ ಮೈಸೂರನ್ನು ಹಿಂಡಿದ ಮಹಾಕ್ಷಾಮ. ಧಾತು ಮತ್ತು ಈಶ್ವರ ಸಂವತ್ಸರಗಳಲ್ಲಿ ಬಂದದ್ದರಿಂದ ಜನ ಅದನ್ನು ಧಾತು–ಈಶ್ವರದ ಬರ ಎಂದೇ ನೆನೆಯುತ್ತಿದ್ದರು. 1871ರ ಜನಗಣತಿಯಲ್ಲಿ 50 ಲಕ್ಷ ದಾಟಿದ್ದ ಸಂಸ್ಥಾನದ ಜನಸಂಖ್ಯೆ 1881ರ ಗಣತಿಯಲ್ಲಿ 42 ಲಕ್ಷದ ಒಳಕ್ಕೆ ಇಳಿದಿತ್ತು.

ಬರದ ಕಾಲದಲ್ಲಿ ರೈಲು ಎರಡು ರೀತಿಯಲ್ಲಿ ಬೇಕಾಗಿತ್ತು. ಮಣ್ಣು ಅಗೆದು, ಏರಿ ಕಟ್ಟಿ, ಜಲ್ಲಿ ಹೊತ್ತರೆ ಹಸಿದವರಿಗೆ ಕೂಲಿ ಸಿಗುತ್ತಿತ್ತು. ಹಳಿ ಬಿದ್ದ ಮೇಲೆ ಮುಂದಿನ ಬರದಲ್ಲಿ ಧಾನ್ಯ ಸಾಗಿಸಲು ದಾರಿಯಾಗುತ್ತಿತ್ತು. ಎತ್ತಿನ ಗಾಡಿಯಲ್ಲಿ ದವಸ ಸಾಗಿಸುವಾಗ ಎತ್ತಿಗೂ ಮೇವು ನೀರು ಬೇಕು. ಬರದಲ್ಲಿ ಅದೂ ಇರುವುದಿಲ್ಲ. ಬಂದರಿನಿಂದ ಬಂದ ಅಕ್ಕಿ ಬೆಂಗಳೂರಿನವರೆಗೆ ರೈಲಿನಲ್ಲಿ ಬಂದು ಅಲ್ಲಿಂದಾಚೆ ಹಳ್ಳಿಗಳನ್ನು ಮುಟ್ಟಲಾಗದೆ ಹೋದದ್ದು ಆ ವರ್ಷಗಳ ಕಹಿ ಪಾಠವಾಗಿತ್ತು.

ಹೀಗೆ ಬರಪರಿಹಾರದ ಕೆಲಸವಾಗಿ ಶುರುವಾದ ಮೀಟರ್ ಗೇಜ್ ಹಾದಿ ಬೆಂಗಳೂರಿನಿಂದ ತುಂಡುತುಂಡಾಗಿ ಮುಂದುವರಿದು 1881ರಲ್ಲಿ ಮದ್ದೂರನ್ನು ಮುಟ್ಟಿತು. 1882ರಲ್ಲಿ ಮೈಸೂರು ಸೇರಿತು. ಐವತ್ತು ವರ್ಷದ ಬ್ರಿಟಿಷ್ ಆಡಳಿತ ಮುಗಿದು ಚಾಮರಾಜೇಂದ್ರ ಒಡೆಯರ ಕೈಗೆ ರಾಜ್ಯ ಮರಳಿದ್ದೂ, ಸಿ. ರಂಗಾಚಾರ್ಲು ದಿವಾನರಾದದ್ದೂ 1881ರಲ್ಲೇ. 1886ರಲ್ಲಿ ಹಾದಿಯ ನಿರ್ವಹಣೆ ದಕ್ಷಿಣ ಮರಾಠಾ ರೈಲ್ವೆ ಕಂಪನಿಗೆ ಹೋಯಿತು. ಕೆಲವು ದಶಕಗಳ ನಂತರ ಸಂಸ್ಥಾನ ಅದನ್ನು ಮರಳಿ ತನ್ನ ಕೈಗೆ ತೆಗೆದುಕೊಂಡಿತು. 1950ರಲ್ಲಿ ಮೈಸೂರು ರೈಲ್ವೆ ಭಾರತೀಯ ರೈಲ್ವೆಯಲ್ಲಿ ಸೇರಿತು. 1951ರಲ್ಲಿ ದಕ್ಷಿಣ ರೈಲ್ವೆಯ ಭಾಗವಾಯಿತು. 2003ರಲ್ಲಿ ಹುಬ್ಬಳ್ಳಿಯನ್ನು ಕೇಂದ್ರವಾಗಿಟ್ಟುಕೊಂಡ ನೈಋತ್ಯ ರೈಲ್ವೆಯ ಪಾಲಿಗೆ ಬಂತು.

ಈ ಬದಲಾವಣೆಗಳ ನಡುವೆ ಹಾದಿಯ ಹಲವು ಫಲಕಗಳ ಹೆಸರೂ ಬದಲಾಯಿತು. ರಾಮನಗರದ ನಿಲ್ದಾಣ ಒಂದು ಕಾಲಕ್ಕೆ ಕ್ಲೋಸ್‌ಪೇಟೆ; ಬ್ರಿಟಿಷ್ ರೆಸಿಡೆಂಟನಾಗಿದ್ದ ಬ್ಯಾರಿ ಕ್ಲೋಸನ ನೆನಪಿನ ಹೆಸರು. ಪಾಂಡವಪುರದ ನಿಲ್ದಾಣ ಫ್ರೆಂಚ್ ರಾಕ್ಸ್. ಹೈದರ್ ಮತ್ತು ಟಿಪ್ಪುವಿನ ಸೇವೆಯಲ್ಲಿದ್ದ ಫ್ರೆಂಚ್ ಸೈನಿಕರು ಅಲ್ಲಿ ಬೀಡುಬಿಟ್ಟಿದ್ದರು. ಮದ್ದೂರು ಮಾತ್ರ ಅಂದಿನಿಂದ ಇಂದಿನವರೆಗೂ ಮದ್ದೂರಾಗಿಯೇ ಉಳಿದಿದೆ.

ಒಂಟಿ ಹಳಿಯ ಕಟ್ಟಳೆ

ನೂರು ವರ್ಷಕ್ಕೂ ಮೇಲ್ಪಟ್ಟು ಈ ಹಾದಿಯಲ್ಲಿದ್ದದ್ದು ಒಂದೇ ಜೋಡಿ ಹಳಿ. ಮೈಸೂರಿಗೆ ಹೋಗುವ ಗಾಡಿಯೂ ಬೆಂಗಳೂರಿಗೆ ಬರುವ ಗಾಡಿಯೂ ಅದರ ಮೇಲೆಯೇ ಓಡಬೇಕು. ಎದುರುಬದುರು ಬಂದ ಎರಡು ಗಾಡಿಗಳು ಒಂದನ್ನೊಂದು ದಾಟಬೇಕಾದರೆ ಹಳಿ ಇಬ್ಭಾಗವಾಗುವ ಜಾಗ ಬೇಕು. ಆ ಜಾಗವೇ ನಿಲ್ದಾಣ. ಟಿಕೆಟ್ ಕೊಡುವುದು ಸಣ್ಣ ನಿಲ್ದಾಣದ ಒಂದು ಕೆಲಸವಾದರೆ, ಗಾಡಿಗೆ ಗಾಡಿ ತಾಕದಂತೆ ನೋಡಿಕೊಳ್ಳುವುದು ಅದಕ್ಕಿಂತ ದೊಡ್ಡ ಕೆಲಸ. ರೈಲ್ವೆಯವರ ಮಾತಿನಲ್ಲಿ ಇದು ‘ಕ್ರಾಸಿಂಗ್’.

ಅದರ ಏರ್ಪಾಡು ಹೀಗಿತ್ತು. ಅಕ್ಕಪಕ್ಕದ ಎರಡು ನಿಲ್ದಾಣಗಳಲ್ಲಿ ಒಂದಕ್ಕೊಂದು ತಂತಿಯಿಂದ ಬೆಸೆದ ಎರಡು ಯಂತ್ರಗಳು. ಅವುಗಳ ಹೊಟ್ಟೆಯಲ್ಲಿ ಲೋಹದ ಟೋಕನ್‌ಗಳು. ಗಾಡಿಯನ್ನು ಮುಂದಕ್ಕೆ ಬಿಡಬೇಕಾದ ಸ್ಟೇಷನ್ ಮಾಸ್ಟರ್ ಮುಂದಿನ ನಿಲ್ದಾಣದವರನ್ನು ಕೇಳಬೇಕು. ಅವರು ಒಪ್ಪಿ ತಮ್ಮ ಯಂತ್ರದ ಗುಂಡಿ ಒತ್ತಿ ಹಿಡಿದರೆ ಮಾತ್ರ ಇವರ ಯಂತ್ರದಿಂದ ಒಂದು ಟೋಕನ್ ಹೊರಕ್ಕೆ ಬರುತ್ತದೆ. ಇದೇ ‘ಲೈನ್ ಕ್ಲಿಯರ್’. ಒಂದು ಟೋಕನ್ ಹೊರಗಿರುವಷ್ಟು ಹೊತ್ತು ಎರಡು ಯಂತ್ರಗಳಿಂದಲೂ ಇನ್ನೊಂದು ಬಾರದು. ಆ ಟೋಕನನ್ನು ಚರ್ಮದ ಚೀಲಕ್ಕೆ ಹಾಕಿ, ಚೀಲವನ್ನು ದೊಡ್ಡ ಬೆತ್ತದ ಬಳೆಗೆ ಕಟ್ಟಿ ಡ್ರೈವರನ ಕೈಗೆ ಕೊಡುತ್ತಾರೆ. ಅದು ಕೈಗೆ ಬಾರದೆ ಡ್ರೈವರ್ ಗಾಡಿ ಬಿಡುವಂತಿಲ್ಲ. ನಿಲ್ಲದೆ ಹೋಗುವ ಗಾಡಿಯಾದರೆ ಪ್ಲಾಟ್‌ಫಾರಂ ಅಂಚಿನಲ್ಲಿ ನಿಂತ ನೌಕರ ಬಳೆಯನ್ನು ಎತ್ತಿ ಹಿಡಿಯುತ್ತಾನೆ. ಎಂಜಿನ್ನಿನವನು ಓಡುವ ಗಾಡಿಯಿಂದ ಕೈ ಚಾಚಿ ಅದನ್ನು ತೋಳಿಗೆ ಸಿಕ್ಕಿಸಿಕೊಂಡು ಎಳೆದುಕೊಳ್ಳುತ್ತಾನೆ, ಹಿಂದಿನ ನಿಲ್ದಾಣದ ಬಳೆಯನ್ನು ಅದೇ ಗಳಿಗೆಯಲ್ಲಿ ಕೆಳಕ್ಕೆ ಎಸೆಯುತ್ತಾನೆ.

ಪ್ರಯಾಣಿಕರಿಗೆ ಕಾಣುತ್ತಿದ್ದುದು ಇದರ ಹೊರಗುರುತುಗಳಷ್ಟೆ. ಹಿಂದಿನ ನಿಲ್ದಾಣದಿಂದ ಗಾಡಿ ಹೊರಟ ಸುದ್ದಿ ಬಂದಾಗ ತೂಗುಹಾಕಿದ ಹಳಿಯ ತುಂಡಿಗೆ ಕಬ್ಬಿಣದ ಸಲಾಕೆಯಿಂದ ಬಡಿಯುತ್ತಿದ್ದರು. ಊರವರಿಗೆ ಅದು ಗಂಟೆ. ಆಮೇಲೆ ಕಂಬದ ಮೇಲೆ ಅಡ್ಡಲಾಗಿದ್ದ ಸಿಗ್ನಲಿನ ಕೆಂಪು ಕೈ ಕೆಳಕ್ಕೆ ವಾಲುತ್ತಿತ್ತು. ಅಡ್ಡಲಾಗಿದ್ದರೆ ನಿಲ್ಲು, ವಾಲಿದರೆ ಬಾ. ‘ಸಿಗ್ನಲ್ ಬಿತ್ತು’ ಎಂಬ ಮಾತು ಹುಟ್ಟಿದ್ದು ಹೀಗೆ. ಕೆಂಪು ಹಸಿರು ದೀಪಗಳು ಬಂದು ಬೀಳುವ ಕೈ ಇಲ್ಲವಾದ ಮೇಲೂ ಆ ಮಾತು ಉಳಿದುಕೊಂಡಿದೆ.

ಟಿಕೆಟ್ ಕೂಡ ಅಂಥದ್ದೇ ಒಂದು ವಸ್ತು. ಬೆರಳುದ್ದದ ಗಟ್ಟಿ ರಟ್ಟಿನ ಚೀಟಿ, ಅದರ ಮೇಲೆ ಮೊದಲೇ ಅಚ್ಚಾದ ಊರಿನ ಹೆಸರು, ದರ್ಜೆ, ದರ, ಸರಣಿ ಸಂಖ್ಯೆ. ಕಿಂಡಿಯ ಪಕ್ಕದ ಕಬ್ಬಿಣದ ಯಂತ್ರದ ಬಾಯಿಗೆ ಅದನ್ನು ತುರುಕಿದರೆ ‘ಟಕ್’ ಎಂದು ತಾರೀಖು ಒತ್ತಿ ಹೊರಬೀಳುತ್ತಿತ್ತು. ಇಂಗ್ಲೆಂಡಿನ ಥಾಮಸ್ ಎಡ್ಮಂಡ್‌ಸನ್ 1830ರ ದಶಕದಲ್ಲಿ ಕಂಡುಹಿಡಿದ ಈ ಪದ್ಧತಿ ಕಂಪ್ಯೂಟರ್ ಟಿಕೆಟ್ ಬರುವವರೆಗೂ ನಮ್ಮ ಸಣ್ಣ ನಿಲ್ದಾಣಗಳನ್ನು ಆಳಿತು.

ಉಗಿ ಎಂಜಿನ್ನಿನ ಕಾಲದಲ್ಲಿ ನಿಲುಗಡೆಗೆ ಇನ್ನೂ ಒಂದು ಕಾರಣವಿತ್ತು. ಎಂಜಿನ್ನು ಕಲ್ಲಿದ್ದಲಿಗಿಂತ ಬೇಗ ನೀರನ್ನು ಖರ್ಚು ಮಾಡುತ್ತದೆ. ಬೂದಿ ತೆಗೆಯಬೇಕು, ಬೆಂಕಿ ಕೆದಕಬೇಕು, ಕೀಲುಗಳಿಗೆ ಎಣ್ಣೆ ಬಿಡಬೇಕು. ಎದುರಿನ ಗಾಡಿ ತಡವಾದರೆ ಇದು ಕಾಯುತ್ತ ನಿಲ್ಲಬೇಕು. ಹೀಗೆ ಕಳೆಯುವ ಹತ್ತು ಹದಿನೈದು ನಿಮಿಷಗಳಲ್ಲಿ ಪ್ರಯಾಣಿಕರಿಗೆ ಮಾಡಲು ಕೆಲಸವಿರುತ್ತಿರಲಿಲ್ಲ, ಹಸಿವು ಮಾತ್ರ ಇರುತ್ತಿತ್ತು.

ಅವಸರದ ವಡೆ

ಆ ಹಸಿವಿಗೆ ಉತ್ತರವಾಗಿ ಬಂದವರು ಕುಂದಾಪುರ ಕಡೆಯ ರಾಮಚಂದ್ರ ಬುಧ್ಯ. 1917ರಲ್ಲಿ ಅವರು ಮದ್ದೂರು ನಿಲ್ದಾಣದಲ್ಲಿ ಸಸ್ಯಾಹಾರಿ ಉಪಾಹಾರ ಮಂದಿರ ಶುರುಮಾಡಿದರು. ಕರಾವಳಿಯ ಅಡುಗೆಯವರು ಊರು ಬಿಟ್ಟು ಬಂದು ಹಳೇ ಮೈಸೂರಿನ ಪೇಟೆಗಳಲ್ಲಿ, ಛತ್ರಗಳಲ್ಲಿ, ರೈಲು ನಿಲ್ದಾಣಗಳಲ್ಲಿ ಒಲೆ ಹೂಡುತ್ತಿದ್ದ ಕಾಲ ಅದು. ಇಡ್ಲಿ, ಕಾಫಿ, ಪಕೋಡ ಅಲ್ಲಿನ ತಿನಿಸು.

ವಡೆಯ ಹುಟ್ಟಿನ ಬಗ್ಗೆ ಊರಿನಲ್ಲಿ ಹೇಳುವ ಕಥೆ ಚಿಕ್ಕದು. ಒಂದು ದಿನ ಗಾಡಿ ಎಣಿಸಿದ್ದಕ್ಕಿಂತ ಮೊದಲೇ ಬಂದುಬಿಟ್ಟಿತು. ಪಕೋಡಕ್ಕೆ ಕಲಸಿಟ್ಟ ಹಿಟ್ಟು ಹಾಗೇ ಇದೆ, ಉಂಡೆ ಉಂಡೆಯಾಗಿ ಬೇಯಿಸಲು ಹೊತ್ತಿಲ್ಲ. ಬುಧ್ಯರು ಹಿಟ್ಟನ್ನು ಅಂಗೈ ಮೇಲಿಟ್ಟು ತಟ್ಟಿ, ತೆಳ್ಳಗೆ ಮಾಡಿ ಎಣ್ಣೆಗೆ ಬಿಟ್ಟರು. ಗಾಡಿಯವರು ತಿಂದರು, ಮಾರನೆಯ ದಿನ ಅದನ್ನೇ ಕೇಳಿದರು. ಇಂಥ ಕಥೆಗಳು ಬಾಯಿಂದ ಬಾಯಿಗೆ ಹೋಗುವಾಗ ಒಪ್ಪವಾಗುವುದುಂಟು. ಆದರೆ ವಡೆಯ ರಚನೆಯನ್ನು ಗಮನಿಸಿದರೆ ಕಥೆಯಲ್ಲಿ ಹುರುಳಿದೆ ಎನ್ನಿಸುತ್ತದೆ.

ಉದ್ದಿನ ವಡೆಗೆ ಬೇಳೆ ನೆನೆಹಾಕಬೇಕು, ರುಬ್ಬಬೇಕು. ಆಂಬೊಡೆಗೂ ಅಷ್ಟೆ. ಮದ್ದೂರು ವಡೆಗೆ ನೆನೆಯುವ ಬೇಳೆಯೇ ಇಲ್ಲ. ಸಣ್ಣ ರವೆ, ಮೈದಾ, ಅಕ್ಕಿ ಹಿಟ್ಟು, ಮೂರೂ ಡಬ್ಬಿಯಲ್ಲಿ ಸಿದ್ಧವಾಗಿರುವ ಒಣ ಪದಾರ್ಥ. ಉದ್ದುದ್ದಕ್ಕೆ ಸೀಳಿದ ಈರುಳ್ಳಿ, ಹಸಿಮೆಣಸಿನಕಾಯಿ, ಕರಿಬೇವು, ಕೊತ್ತಂಬರಿ ಸೊಪ್ಪನ್ನು ಉಪ್ಪಿನೊಡನೆ ಕೈಯಲ್ಲಿ ಹಿಸುಕಿದರೆ ಈರುಳ್ಳಿಯೇ ನೀರು ಬಿಡುತ್ತದೆ. ಹಿಟ್ಟಿಗೆ ಬಿಸಿ ಎಣ್ಣೆ ಅಥವಾ ತುಪ್ಪ ಹಾಕಿ ತಿಕ್ಕಿದರೆ ಗರಿಗರಿ ಬರುತ್ತದೆ. ಆಮೇಲೆ ನೀರು ಚಿಮುಕಿಸಿದರೆ ಸಾಕು. ನಿಂಬೆ ಗಾತ್ರದ ಉಂಡೆಯನ್ನು ಅಂಗೈಯಷ್ಟಗಲ ತಟ್ಟಿದಾಗ ಎಣ್ಣೆ ತಾಗುವ ಮೈ ಹೆಚ್ಚಾಗುತ್ತದೆ, ಒಳಗಿನ ತೇವ ಬೇಗ ಹೋಗುತ್ತದೆ. ಹೊರಗೆ ಕಂದು, ಕಚ್ಚಿದರೆ ಮುರಿಯುವ ಅಂಚು, ನಡುವೆ ಮಾತ್ರ ಸ್ವಲ್ಪ ಮೆದು. ಅಲ್ಲಲ್ಲಿ ಕರಿದ ಈರುಳ್ಳಿಯ ಸಿಹಿ.

ಇದೇ ಗುಣ ಅದನ್ನು ರೈಲಿನ ತಿಂಡಿಯಾಗಿಸಿತು. ತೇವ ಕಡಿಮೆಯಿರುವುದರಿಂದ ಬೆಳಗ್ಗೆ ಕರಿದದ್ದು ಸಂಜೆಗೂ ಹಳಸದು. ತಟ್ಟೆ ಬೇಡ, ಸಾಂಬಾರು ಬೇಡ. ಹೋಟೆಲಿನಲ್ಲಿ ಕಾಯಿಚಟ್ನಿ ಜೊತೆಗಿದ್ದರೆ ಸರಿ, ಗಾಡಿಯಲ್ಲಿ ಕಾಗದದ ತುಂಡೇ ಸಾಕು. ಕಿಟಕಿಯ ಸರಳುಗಳ ನಡುವೆ ಕೈಯಿಂದ ಕೈಗೆ ಹಾಯಬಲ್ಲಷ್ಟು ಚಪ್ಪಟೆ. ಬುಟ್ಟಿ ಹಿಡಿದವರು ‘ವಡೇ... ಮದ್ದೂರ್ ವಡೇ’ ಎಂದು ಬೋಗಿಯಿಂದ ಬೋಗಿಗೆ ದಾಟುವ ಹೊತ್ತಿಗೆ ಕರಿದ ಈರುಳ್ಳಿಯ ವಾಸನೆ ಅವರಿಗಿಂತ ಮುಂಚೆ ಬಂದಿರುತ್ತದೆ. ಪರವಾನಗಿ ಇಲ್ಲದೆ ಗಾಡಿಯಲ್ಲಿ ಮಾರುವುದು 1989ರ ರೈಲ್ವೆ ಕಾಯ್ದೆಯ ಪ್ರಕಾರ ಅಪರಾಧ. ಹಾಗಾಗಿ ಮದ್ದೂರಿನ ಹೆಸರು ಹೊತ್ತ ವಡೆಯ ವ್ಯಾಪಾರ ನಿಲ್ದಾಣದ ನಿಯಮಗಳ ಒಳಗೆ ನಡೆಯಬೇಕಾದ ವ್ಯಾಪಾರ.

ಜಪಾನಿನ ಯೊಕೊಕಾವಾ

ಗಾಡಿ ನಿಂತ ಹೊತ್ತಿನಿಂದ ತಿಂಡಿ ಹುಟ್ಟಿದ್ದು ಮದ್ದೂರಿನಲ್ಲಿ ಮಾತ್ರವಲ್ಲ. ಜಪಾನಿನಲ್ಲಿ ನಿಲ್ದಾಣದ ಬುತ್ತಿಗೆ ‘ಎಕಿಬೆನ್’ ಎನ್ನುತ್ತಾರೆ. ‘ಎಕಿ’ ಎಂದರೆ ನಿಲ್ದಾಣ. ಅಲ್ಲಿನ ಗುನ್ಮಾ ಪ್ರಾಂತ್ಯದ ಯೊಕೊಕಾವಾ ಎಂಬ ಸಣ್ಣ ನಿಲ್ದಾಣದ ಕಥೆ ಮದ್ದೂರಿನ ಕಥೆಗೆ ಅಣ್ಣತಮ್ಮನಂತಿದೆ.

1885ರಲ್ಲಿ ಶುರುವಾದ ಯೊಕೊಕಾವಾ ನಿಲ್ದಾಣ ಉಸುಯಿ ಘಾಟಿಯ ಬುಡದಲ್ಲಿದೆ. ಅಲ್ಲಿಂದ ಮೇಲಕ್ಕೆ ಹಳಿ ಸಾವಿರ ಮೀಟರ್ ದೂರಕ್ಕೆ 66.7 ಮೀಟರ್ ಏರುತ್ತಿತ್ತು. ನಮ್ಮ ಸಕಲೇಶಪುರ–ಸುಬ್ರಹ್ಮಣ್ಯ ಘಾಟಿಯ ಕಡಿದಾದ ಏರು ಸಾವಿರಕ್ಕೆ 20 ಮೀಟರ್. ಉಸುಯಿಯದು ಅದರ ಮೂರುಪಟ್ಟಿಗೂ ಹೆಚ್ಚು. ಯಾವ ಗಾಡಿಯೂ ಸಹಾಯಕ ಎಂಜಿನ್ ಇಲ್ಲದೆ ಮೇಲೆ ಹತ್ತುವಂತಿರಲಿಲ್ಲ. ಆ ಎಂಜಿನ್ ಜೋಡಿಸುವಷ್ಟು ಹೊತ್ತು ಎಲ್ಲ ಗಾಡಿಗಳೂ ಯೊಕೊಕಾವಾದಲ್ಲಿ ನಿಲ್ಲಲೇಬೇಕು. ಒಗಿನೊಯಾ ಎಂಬ ಅಂಗಡಿಯವರು ಪ್ಲಾಟ್‌ಫಾರಂನಲ್ಲಿ ಬುತ್ತಿ ಮಾರುತ್ತಿದ್ದರು. 1958ರಲ್ಲಿ ಅವರು ಸಣ್ಣ ಮಣ್ಣಿನ ಕುಡಿಕೆಯಲ್ಲಿ ಬಿಸಿ ಅನ್ನ, ಅದರ ಮೇಲೆ ಕೋಳಿ ಮಾಂಸ, ಅಣಬೆ, ಕಳಲೆ ಇಟ್ಟು ಕೊಡತೊಡಗಿದರು. ‘ಕಾಮಮೆಶಿ’ ಎಂಬ ಆ ಬುತ್ತಿ ದೇಶವಿಡೀ ಹೆಸರಾಯಿತು.

1997ರ ಅಕ್ಟೋಬರ್ 1ರಂದು ನಾಗಾನೊಗೆ ಬುಲೆಟ್ ರೈಲು ಬಂತು. ಅದಕ್ಕೂ ಹಿಂದಿನ ದಿನವೇ ಘಾಟಿಯ ಹಳೇ ಹಳಿ ಮುಚ್ಚಿತು. ಯೊಕೊಕಾವಾ ಹಾದಿಯ ಕೊನೆಯ ನಿಲ್ದಾಣವಾಗಿ ಉಳಿಯಿತು; ಎಂಜಿನ್ ಶೆಡ್ಡಿನ ಜಾಗ ರೈಲ್ವೆ ವಸ್ತುಸಂಗ್ರಹಾಲಯವಾಯಿತು. ಕುಡಿಕೆಯ ಬುತ್ತಿ ಮಾತ್ರ ಸಾಯಲಿಲ್ಲ. ಹೆದ್ದಾರಿ ಬದಿಯ ಹೋಟೆಲುಗಳಲ್ಲಿ ಅದರ ಮಾರಾಟ ನಡೆದೇ ಇದೆ. ನಿಲುಗಡೆ ಹೋದರೆ ತಿಂಡಿ ರಸ್ತೆಗೆ ಹೋಗುತ್ತದೆ ಎಂಬುದಕ್ಕೆ ಇದಕ್ಕಿಂತ ಸ್ಪಷ್ಟವಾದ ಉದಾಹರಣೆ ಬೇಕಿಲ್ಲ. ಮದ್ದೂರಿನಲ್ಲೂ ಇದೇ ಆಯಿತು, ನಿಧಾನವಾಗಿ ಆಯಿತು.

ನಿಲ್ದಾಣದ ಸೀಮೆ

ಸಣ್ಣ ನಿಲ್ದಾಣವನ್ನು ಅದು ಇರುವ ಊರಿನಿಂದ ಅಳೆಯುವುದಕ್ಕಿಂತ ಅದನ್ನು ನಂಬಿ ಬರುವ ಊರುಗಳಿಂದ ಅಳೆಯುವುದು ಸರಿ. ಮದ್ದೂರು ರೈಲಿಗೆ ಜಂಕ್ಷನ್ ಅಲ್ಲದಿದ್ದರೂ ರಸ್ತೆಗೆ ಜಂಕ್ಷನ್. ತುಮಕೂರು, ಕುಣಿಗಲ್ ಕಡೆಯಿಂದ ಬಂದ ರಸ್ತೆ ಇಲ್ಲಿ ಬೆಂಗಳೂರು–ಮೈಸೂರು ರಸ್ತೆಯನ್ನು ಹಾಯ್ದು ಕೆ.ಎಂ. ದೊಡ್ಡಿ, ಮಳವಳ್ಳಿ, ಕೊಳ್ಳೇಗಾಲದತ್ತ ಹೋಗುತ್ತದೆ. ಮಳವಳ್ಳಿ ತಾಲ್ಲೂಕಿನಲ್ಲಿ ಇವತ್ತಿಗೂ ಒಂದಡಿ ರೈಲು ಹಳಿ ಇಲ್ಲ. ಅಲ್ಲಿನವರಿಗೆ ‘ಟೇಸನ್ನು’ ಎಂದರೆ 25 ಕಿ.ಮೀ. ಆಸುಪಾಸಿನ ಮದ್ದೂರು, ಇಲ್ಲವೇ ಮಂಡ್ಯ.

ಈ ನೆರೆತನ ಹಳೆಯದು. ಮಳವಳ್ಳಿ ತಾಲ್ಲೂಕಿನ ಶಿವನಸಮುದ್ರದಲ್ಲಿ ಕಾವೇರಿಯ ಧುಮುಕಿನಿಂದ ತೆಗೆದ ವಿದ್ಯುತ್ 1902ರ ಜೂನ್‌ನಲ್ಲಿ ಸುಮಾರು 147 ಕಿ.ಮೀ. ದೂರದ ಕೋಲಾರದ ಚಿನ್ನದ ಗಣಿಗೆ ಹರಿಯಿತು. ಆಗ ಅಷ್ಟು ದೂರದ ವಿದ್ಯುತ್ ಮಾರ್ಗ ಜಗತ್ತಿನಲ್ಲೇ ಅಪರೂಪ. ಅದರ ಯಂತ್ರಗಳು ಅಮೆರಿಕದ ಜನರಲ್ ಎಲೆಕ್ಟ್ರಿಕ್ ಮತ್ತು ಸ್ವಿಟ್ಜರ್ಲೆಂಡಿನ ಎಷರ್ ವಿಸ್ ಕಂಪನಿಗಳಿಂದ ಬಂದವು. ಶಿವನಸಮುದ್ರಕ್ಕೆ ಹತ್ತಿರದ ರೈಲು ಮದ್ದೂರಿನದು. ಹಳಿ ಮುಗಿದ ಮೇಲೆ ಉಳಿದ ದಾರಿಗೆ ಆನೆ, ಕುದುರೆ, ಎತ್ತುಗಳೇ ಗತಿ. ಹೊಸ ಶತಮಾನದ ಯಂತ್ರ ಹಳೇ ಶತಮಾನದ ಬಲದಿಂದ ಕಾಡು ದಾಟಿತು.

ರಾಜಕೀಯ ಚರಿತ್ರೆಯಲ್ಲೂ ಮದ್ದೂರಿಗೆ ಒಂದು ಪುಟವಿದೆ. 1938ರ ಏಪ್ರಿಲ್‌ನಲ್ಲಿ ಮೈಸೂರು ಕಾಂಗ್ರೆಸ್ ತನ್ನ ಮೊದಲ ಅಧಿವೇಶನವನ್ನು ನಡೆಸಿದ್ದು ಮದ್ದೂರಿಗೆ ಹೊಂದಿಕೊಂಡ ಶಿವಪುರದಲ್ಲಿ. ತ್ರಿವರ್ಣ ಧ್ವಜ ಹಾರಿಸಬಾರದೆಂಬ ಆಜ್ಞೆಯನ್ನು ಮುರಿದು ಅಧ್ಯಕ್ಷ ಟಿ. ಸಿದ್ದಲಿಂಗಯ್ಯನವರು ಧ್ವಜ ಏರಿಸಿ ಬಂಧನಕ್ಕೊಳಗಾದರು. ಶಿವಪುರ ಧ್ವಜ ಸತ್ಯಾಗ್ರಹ ಎಂದು ಹೆಸರಾದ ಆ ಘಟನೆಯ ನೆನಪಿಗೆ ಅಲ್ಲಿ ಸತ್ಯಾಗ್ರಹ ಸೌಧ ನಿಂತಿದೆ. ಮರುವರ್ಷ, 1939ರಲ್ಲಿ, ಮೈಸೂರು ಜಿಲ್ಲೆಯಿಂದ ಬೇರೆಯಾಗಿ ಮಂಡ್ಯ ಜಿಲ್ಲೆ ರಚನೆಯಾಯಿತು.

ಅಷ್ಟರಲ್ಲಿ ಕನ್ನಂಬಾಡಿ ಕಟ್ಟೆಯ ನೀರು 1930ರ ದಶಕದ ಆರಂಭದಲ್ಲಿ ನಾಲೆಯಲ್ಲಿ ಹರಿದು ಸೀಮೆಯ ಬೆಳೆಯನ್ನೇ ಬದಲಿಸಿತ್ತು. ರಾಗಿ ಬೆಳೆಯುತ್ತಿದ್ದ ಹೊಲ ಭತ್ತ, ಕಬ್ಬಿನ ಗದ್ದೆಯಾಯಿತು. 1933ರಲ್ಲಿ ಮಂಡ್ಯದಲ್ಲಿ ಮೈಸೂರು ಸಕ್ಕರೆ ಕಂಪನಿ ಹುಟ್ಟಿತು. ಬೆಲ್ಲ, ಅಕ್ಕಿ, ಸಕ್ಕರೆ ಹೊರಕ್ಕೆ. ಗೊಬ್ಬರ, ಉಪ್ಪು, ಸೀಮೆಎಣ್ಣೆ, ಕಬ್ಬಿಣ ಒಳಕ್ಕೆ. ಈ ಸರಕನ್ನು ಬಿಡಿ ವ್ಯಾಗನ್‌ಗಳಲ್ಲಿ ತುಂಬಿ ಇಳಿಸುವ ಗೂಡ್ಸ್ ಶೆಡ್ಡು ಸಣ್ಣ ನಿಲ್ದಾಣದ ಎರಡನೇ ಜೀವವಾಗಿತ್ತು. ಒಂದೆರಡು ವ್ಯಾಗನ್ ಸರಕಿಗಿಂತ ಇಡೀ ಗಾಡಿ ತುಂಬುವ ಸರಕೇ ಲಾಭ ಎಂದು ರೈಲ್ವೆ ನಿರ್ಧರಿಸಿದ ಮೇಲೆ ಬಿಡಿ ಸರಕು ಲಾರಿಗಳ ಪಾಲಾಯಿತು. ಮದ್ದೂರಿನ ಎಳನೀರು ಮಾರುಕಟ್ಟೆ ಇಂದು ದೇಶದ ಅತಿ ದೊಡ್ಡವುಗಳಲ್ಲಿ ಒಂದು. ಅಲ್ಲಿಂದ ಹೊರಡುವ ಕಾಯಿಯೆಲ್ಲ ಲಾರಿ ಏರುತ್ತದೆ.

ಮಳವಳ್ಳಿಗೂ ಹಳಿ ಬರಬೇಕೆಂಬ ಮಾತು ಹೊಸದಲ್ಲ. ಬಿಡದಿಗಿಂತ ಮೊದಲು ಸಿಗುವ ಹೆಜ್ಜಾಲದಿಂದ ಕನಕಪುರ, ಮಳವಳ್ಳಿ, ಕೊಳ್ಳೇಗಾಲದ ಮೂಲಕ ಚಾಮರಾಜನಗರಕ್ಕೆ 142 ಕಿ.ಮೀ. ಹೊಸ ಹಾದಿಗೆ 1990ರ ದಶಕದಲ್ಲೇ ಮಂಜೂರಾತಿ ಸಿಕ್ಕಿದೆ. ಹಳಿ ಮಾತ್ರ ಬಿದ್ದಿಲ್ಲ. ಅದು ಬರುವವರೆಗೂ ಮಳವಳ್ಳಿಯ ರೈಲು ಪ್ರಯಾಣ ಬಸ್ಸಿನಿಂದಲೇ ಶುರುವಾಗಬೇಕು.

ಜೋಡಿ ಹಳಿ, ಗಿಡ್ಡ ನಿಲುಗಡೆ

ಮದ್ದೂರು ನಿಲ್ದಾಣದ ಸ್ವರೂಪವನ್ನು ಬದಲಿಸಿದ ಮೂರು ಕೆಲಸಗಳಿವೆ: ಅಗಲ ಹಳಿ, ಜೋಡಿ ಹಳಿ, ವಿದ್ಯುತ್ ತಂತಿ.

1993ರಲ್ಲಿ ಒಂದು ಮೀಟರ್ ಅಗಲದ ಹಳಿ ಹೋಗಿ 1.676 ಮೀಟರ್ ಅಗಲದ ಬ್ರಾಡ್‌ಗೇಜ್ ಬಂತು. ಅಲ್ಲಿಯವರೆಗೆ ಬೆಂಗಳೂರಿನ ಆಚೆಯ ದೂರದ ಊರುಗಳಿಗೆ ಹೋಗಬೇಕಾದವರು ಬೆಂಗಳೂರಿನಲ್ಲಿ ಇಳಿದು ಗಾಡಿ ಬದಲಿಸಬೇಕಿತ್ತು. ಆಮೇಲೆ ಚೆನ್ನೈ, ಮುಂಬೈ, ದೆಹಲಿ ಕಡೆಯ ಗಾಡಿಗಳು ಇದೇ ಹಳಿಯ ಮೇಲೆ ಮೈಸೂರಿನವರೆಗೆ ಬರುವಂತಾಯಿತು. ಬಂದ ಗಾಡಿಗಳಲ್ಲಿ ಹಲವು ಮದ್ದೂರಿನಲ್ಲಿ ನಿಲ್ಲುವಂಥವಲ್ಲ.

ಎರಡನೇ ಹಳಿ ತುಂಡುತುಂಡಾಗಿ ಮುಂದುವರಿದು ಶ್ರೀರಂಗಪಟ್ಟಣದ ಬಳಿ ಬಂದಾಗ ಟಿಪ್ಪು ಕಾಲದ ಮದ್ದಿನ ಮನೆ ಅಡ್ಡವಾಯಿತು. ಒಡೆಯುವಂತಿರಲಿಲ್ಲ. 2017ರಲ್ಲಿ ಸುಮಾರು ಸಾವಿರ ಟನ್ ತೂಕದ ಆ ಕಟ್ಟಡವನ್ನು ಬುಡದಿಂದ ಬಿಡಿಸಿ, ಜಾಕ್‌ಗಳ ಮೇಲಿಟ್ಟು ನೂರು ಮೀಟರ್‌ಗೂ ಹೆಚ್ಚು ದೂರ ಇಡಿಯಾಗಿ ಸರಿಸಲಾಯಿತು. ಆ ದಶಕ ಮುಗಿಯುವ ಹೊತ್ತಿಗೆ ಜೋಡಿ ಹಳಿಯೂ ವಿದ್ಯುದೀಕರಣವೂ ಪೂರ್ಣವಾದವು.

ಪ್ರಯಾಣಿಕರಿಗೆ ಇದರಿಂದ ಆದ ಲಾಭ ಸಣ್ಣದಲ್ಲ. ಗಾಡಿಗಳು ಹೆಚ್ಚಿದವು, ಕ್ರಾಸಿಂಗಿಗೆ ಕಾಯುವುದು ತಪ್ಪಿತು. 2022ರ ನವೆಂಬರ್ 11ರಂದು ಚಾಲನೆ ಪಡೆದ ಮೈಸೂರು–ಚೆನ್ನೈ ವಂದೇ ಭಾರತ್ ಮೈಸೂರಿನಿಂದ ಬೆಂಗಳೂರನ್ನು ಎರಡು ಗಂಟೆಗೂ ಕಡಿಮೆ ಹೊತ್ತಿನಲ್ಲಿ ಮುಟ್ಟುತ್ತದೆ. ಆದರೆ ನಿಲ್ದಾಣದ ದೃಷ್ಟಿಯಿಂದ ನೋಡಿದರೆ, ಗಾಡಿ ನಿಲ್ಲಬೇಕಾದ ಕಾರಣಗಳು ಒಂದೊಂದಾಗಿ ಕಳಚಿಬಿದ್ದವು. ನೀರು ತುಂಬುವ ಕೆಲಸ ಉಗಿಯ ಜೊತೆ ಹೋಯಿತು. ಎದುರು ಗಾಡಿಗೆ ಕಾಯುವ ಕೆಲಸ ಎರಡನೇ ಹಳಿಯಿಂದ ಹೋಯಿತು. ಟೋಕನ್ ಬಳೆ ಸಿಗ್ನಲ್ ದೀಪದಿಂದ ಹೋಯಿತು. ಉಳಿದದ್ದು ಒಂದೇ ಕಾರಣ: ಜನ ಹತ್ತಬೇಕು, ಇಳಿಯಬೇಕು. ಅದಕ್ಕೆ ಒಂದೆರಡು ನಿಮಿಷ ಸಾಕು. ಅಷ್ಟು ಹೊತ್ತಿನಲ್ಲಿ ಇಳಿದು, ವಡೆ ತಿಂದು, ಕೈ ತೊಳೆದು ಮತ್ತೆ ಹತ್ತಲು ಆಗುವುದಿಲ್ಲ. ತಿಂಡಿ ಪ್ಲಾಟ್‌ಫಾರಂನಿಂದ ಬೋಗಿಯೊಳಕ್ಕೆ, ಬೋಗಿಯಿಂದ ಹೆದ್ದಾರಿಗೆ ಸರಿಯಿತು.

ಪಾಸಿನ ಜನ

ಇಂದಿನ ಮದ್ದೂರು ನಿಲ್ದಾಣ ಬದುಕಿರುವುದು ಪಾಸಿನವರಿಂದ. ರೈಲ್ವೆಯ ತಿಂಗಳ ಸೀಸನ್ ಟಿಕೆಟ್ 150 ಕಿ.ಮೀ. ಒಳಗಿನ ದೂರಕ್ಕೆ ಸಿಗುತ್ತದೆ. ಬೆಂಗಳೂರು–ಮೈಸೂರು ಹಾದಿಯ ಉದ್ದ ಸುಮಾರು 138 ಕಿ.ಮೀ.; ಇಡೀ ಹಾದಿಯೇ ಪಾಸಿನ ಮಿತಿಯೊಳಗೆ ಬರುತ್ತದೆ. ದುಬಾರಿ ಬಾಡಿಗೆ ಮನೆ ತಪ್ಪಿಸಿ, ಊರಿನಲ್ಲಿ ಹಸು, ಗದ್ದೆ, ವಯಸ್ಸಾದ ತಂದೆ ತಾಯಿಯನ್ನು ನೋಡಿಕೊಂಡು, ದಿನವೂ ಬೆಂಗಳೂರಿಗೆ ಹೋಗಿ ಬರುವ ಒಂದು ಬದುಕನ್ನು ಈ ಲೆಕ್ಕ ಸಾಧ್ಯವಾಗಿಸಿದೆ. ಕಾರ್ಖಾನೆಯವರು, ಕಚೇರಿಯವರು, ಕಾಲೇಜಿನ ಮಕ್ಕಳು, ಹೂವು ಸೊಪ್ಪು ಮಾರುವವರು ಎಲ್ಲರೂ ಇದರೊಳಗಿದ್ದಾರೆ.

ಬೆಳಗ್ಗೆ ಮೈಸೂರಿನಿಂದ ಬರುವ ಚಾಮುಂಡಿ ಎಕ್ಸ್‌ಪ್ರೆಸ್ ಇವರ ಗಾಡಿ. ಮಂಡ್ಯದಲ್ಲೇ ತುಂಬಿರುವ ಬೋಗಿಗೆ ಮದ್ದೂರಿನವರು ಹತ್ತಬೇಕು. ಯಾವ ಬೋಗಿಯ ಬಾಗಿಲು ಎಲ್ಲಿ ಬಂದು ನಿಲ್ಲುತ್ತದೆ ಎಂಬುದು ಪಾಸಿನವರಿಗೆ ಬಾಯಿಪಾಠ; ಗುರುತಿನ ಕಂಬದ ಬಳಿ ಗುಂಪಾಗಿ ನಿಂತಿರುತ್ತಾರೆ. ಮೂವರ ಸೀಟಿನಲ್ಲಿ ನಾಲ್ವರು ಕೂರುವುದು ಇಲ್ಲಿನ ಅಲಿಖಿತ ನಿಯಮ. ಸಂಜೆ ಅದೇ ಗಾಡಿ ಬೆಂಗಳೂರಿನಿಂದ ಮರಳುವಾಗ ಕೆಲವರು ನಿದ್ದೆಯಲ್ಲಿ, ಕೆಲವರು ಮೊಬೈಲಿನಲ್ಲಿ, ಹೆಂಗಸರ ಬೋಗಿಯಲ್ಲಿ ಅವರೆಕಾಯಿ ಸುಲಿಯುತ್ತ, ಸೊಪ್ಪು ಬಿಡಿಸುತ್ತ ರಾತ್ರಿಯ ಅಡುಗೆಗೆ ಅರ್ಧ ಕೆಲಸ ಮುಗಿಸಿರುತ್ತಾರೆ. ಮದ್ದೂರಿನಲ್ಲಿ ಇಳಿದವರು ಕೊನೆಯ ಬಸ್ಸಿನ ಯೋಚನೆಯಲ್ಲಿ ಮೇಲ್ಸೇತುವೆಯತ್ತ ಓಡುತ್ತಾರೆ. ಗಾಡಿ ಅರ್ಧ ಗಂಟೆ ತಡವಾದರೆ ಕೆ.ಎಂ. ದೊಡ್ಡಿಯ ಕಡೆಯ, ಮಳವಳ್ಳಿಯ ಕಡೆಯ ಹಳ್ಳಿಗಳಲ್ಲಿ ಅಷ್ಟು ಮನೆಗಳ ಊಟ ತಡವಾಗುತ್ತದೆ.

ಹೆದ್ದಾರಿಯೂ ದೂರವಾದ ಮೇಲೆ

ರೈಲು ಬಿಟ್ಟ ವಡೆಯನ್ನು ರಸ್ತೆ ಕೈಹಿಡಿದಿತ್ತು. ಬೆಂಗಳೂರು–ಮೈಸೂರು ರಸ್ತೆಯಲ್ಲಿ ಮದ್ದೂರು ಟಿಫಾನೀಸ್ ಮೊದಲಾದ ಹೋಟೆಲುಗಳ ಮುಂದೆ ಕಾರು ಬಸ್ಸುಗಳು ನಿಂತವು. 2023ರ ಮಾರ್ಚ್ 12ರಂದು ಉದ್ಘಾಟನೆಯಾದ ಎಕ್ಸ್‌ಪ್ರೆಸ್‌ವೇ ಅದನ್ನೂ ಅಲುಗಿಸಿತು. ಬಿಡದಿ, ರಾಮನಗರ, ಮಂಡ್ಯದಂಥ ಊರುಗಳನ್ನು ಹೊಸ ರಸ್ತೆ ಹೊರಬದಿಯಿಂದ ಬಳಸಿಹೋಗುತ್ತದೆ. ಮದ್ದೂರಿನಲ್ಲಿ ಪೇಟೆಯ ತಲೆಯ ಮೇಲೆ ಮೇಲ್ಸೇತುವೆಯಾಗಿ ಹಾಯುತ್ತದೆ. ಕೆಳಗಿನ ಪೇಟೆಯ ಹೋಟೆಲಿಗೆ ಬರಬೇಕಾದವರು ಮೊದಲೇ ಮನಸ್ಸು ಮಾಡಿ ಇಳಿಯಬೇಕು. 1997ರಲ್ಲಿ ಯೊಕೊಕಾವಾ ಕಲಿತ ಪಾಠವನ್ನು ಮದ್ದೂರು ಎರಡು ಬಾರಿ ಕಲಿತಂತಾಯಿತು: ಒಮ್ಮೆ ಹಳಿಯಿಂದ, ಇನ್ನೊಮ್ಮೆ ರಸ್ತೆಯಿಂದ. ವೇಗ ಹೆಚ್ಚಿದಷ್ಟೂ ನಡುವಿನ ಊರು ತೆಳುವಾಗುತ್ತ ಹೋಗುತ್ತದೆ.

ಹಾಗೆಂದು ಹಳೆಯ ಹದಿನೈದು ನಿಮಿಷದ ನಿಲುಗಡೆ ಮರಳಿ ಬೇಕೆಂದು ಯಾರೂ ಕೇಳುವುದಿಲ್ಲ. ದಿನವೂ ಓಡಾಡುವವರಿಗಂತೂ ಅದು ಶಿಕ್ಷೆ. ಅವರು ಕೇಳುವುದು ತಮ್ಮ ಊರಿನಲ್ಲಿ ನಿಲ್ಲುವ ಇನ್ನಷ್ಟು ಗಾಡಿಗಳನ್ನು, ಅವು ಹೇಳಿದ ಹೊತ್ತಿಗೆ ಬರುವುದನ್ನು, ಇಳಿದ ಮೇಲೆ ಮಳವಳ್ಳಿ ಕಡೆಗೆ ಸಿಗುವ ಒಂದು ಬಸ್ಸನ್ನು. ಸಣ್ಣ ನಿಲ್ದಾಣದ ಬೆಲೆ ಕಟ್ಟಡಕ್ಕೆ ಹೊಸ ಬಣ್ಣ ಬಳಿಯುವುದರಿಂದ ಹೆಚ್ಚುವುದಿಲ್ಲ. ವೇಳಾಪಟ್ಟಿಯಲ್ಲಿ ಅದರ ಹೆಸರಿನ ಮುಂದೆ ಎರಡು ಅಂಕಿಗಳಿರುತ್ತವೆ, ಗಾಡಿ ಬರುವ ಹೊತ್ತು ಮತ್ತು ಹೊರಡುವ ಹೊತ್ತು. ಅವೆರಡರ ನಡುವೆ ಒಂದೆರಡು ನಿಮಿಷವಾದರೂ ಇರುವವರೆಗೆ ಅದು ನಿಲ್ದಾಣ. ಆ ಜಾಗದಲ್ಲಿ ಗೀಟು ಬಿದ್ದ ಗಾಡಿಗೆ ಅದು ಕಿಟಕಿಯಾಚೆ ಹಾಯ್ದುಹೋಗುವ ಒಂದು ಹಳದಿ ಫಲಕ.